ಹೃದಯಕ್ಕೆ ಇಮ್ಮಡಿ ಹೊರೆ

ನಮ್ಮ ಪಟ್ಟಣಗಳಲ್ಲಿ ಗೃಹಸ್ಥನೊಬ್ಬನು ನಲವತ್ತು ದಾಟಿ, ಮೈ ತುಂಬಿಕೊಂಡು, ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿಯತೊಡಗಿದಾಗ, ಎದುರಿಗೆ ಸಿಕ್ಕ ಸ್ನೇಹಿತರು "ಈಗ ಲಕ್ಷಣವಾಗಿ ಕಾಣುತ್ತೀರಿ" ಎಂದು ಹೊಗಳುವುದು ಹಳೆಯ ವಾಡಿಕೆ. ಅದೇ ಗೃಹಸ್ಥನು ಸ್ವಲ್ಪ ಇಳಿದುಹೋದರೆ "ಏನು ಸ್ವಾಮಿ, ಮೈಗೆ ಸೌಖ್ಯವಿಲ್ಲವೇ?" ಎಂದು ಮರುಗುತ್ತಾರೆ. ಮೇಲಿಂದ ಮೇಲೆ ಕ್ಷಾಮಗಳನ್ನು ಕಂಡ ನಾಡಿನಲ್ಲಿ ತುಂಬಿದ ಮೈಯು ತುಂಬಿದ ಕಣಜದ ಕುರುಹಾಗಿ ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಕಾಲವು ಬದಲಾಗಿದೆ. ಹೊಗಳಿಕೆ ಮಾತ್ರ ಬದಲಾಗಿಲ್ಲ. ರಕ್ತದ ಒತ್ತಡವುಳ್ಳ ಮನುಷ್ಯನ ಹೊಟ್ಟೆ ಬೆಳೆಯುವುದನ್ನು ಕಂಡು ಹರ್ಷಪಡುವುದು, ಬಿರುಕುಬಿಟ್ಟ ಗೋಡೆಯ ಮೇಲೆ ಮಹಡಿ ಏರಿಸುವುದನ್ನು ಕಂಡು ಹರ್ಷಪಟ್ಟಂತೆಯೇ ಸರಿ. ಈ ವಿಷಯವನ್ನು ವಾಚಕ ಮಹಾಶಯರ ಮುಂದೆ ಸ್ಪಷ್ಟವಾಗಿ ಇಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಇಂದು ಲೇಖನಿಯನ್ನು ಕೈಗೆತ್ತಿಕೊಂಡಿದ್ದೇವೆ.

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂದಾಗ ನಾಡಿನಲ್ಲೆಲ್ಲ ಭೀತಿ ಹಬ್ಬಿದುದು ಯಾರಿಗೂ ಮರೆತಿರಲಾರದು. ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ, ಎಂದೂ ವೈದ್ಯರ ಬಾಗಿಲು ತುಳಿಯದವರೂ ಸಾಲುಗಟ್ಟಿ ನಿಂತರು. ಸರ್ಕಾರದವರು ತಜ್ಞರ ಸಮಿತಿಯನ್ನು ನೇಮಿಸಿದರು. ಸಾವುಗಳ ಸಂಖ್ಯೆಯಲ್ಲಿ ಅಸಹಜವಾದ ಏರಿಕೆ ಕಾಣುವುದಿಲ್ಲವೆಂದೂ, ಮೃತರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಧೂಮಪಾನ ಮೊದಲಾದ ಪೂರ್ವಕಾರಣಗಳು ಇದ್ದುವೆಂದೂ ಸಮಿತಿಯು ವರದಿಮಾಡಿತು. ವರದಿ ಬಂದಿತು, ಭೀತಿ ಅಡಗಿತು, ಸಾಲು ಕರಗಿತು. ಒಂದು ದಿನ ಇ.ಸಿ.ಜಿ. ತೆಗೆಸಿಕೊಂಡು "ಏನೂ ಇಲ್ಲ" ಎಂಬ ಕಾಗದವನ್ನು ಜೇಬಿನಲ್ಲಿಟ್ಟು ಮನೆಗೆ ಮರಳಿದವರಲ್ಲಿ ಎಷ್ಟು ಮಂದಿ ಆಮೇಲೆ ತಮ್ಮ ರಕ್ತದ ಒತ್ತಡವನ್ನು ಅಳೆಸಿಕೊಂಡರು? ಎಷ್ಟು ಮಂದಿ ತಮ್ಮ ಸೊಂಟದ ಸುತ್ತ ಒಂದು ಟೇಪು ಹಿಡಿದು ನೋಡಿದರು? ನಮ್ಮ ಪ್ರಶ್ನೆ ಇದೇ.

ಹೃದಯಾಘಾತವು ಸಿಡಿಲಿನಂತೆ ಬಂದೆರಗುವುದರಿಂದ ಜನರ ಕಣ್ಣಿಗೆ ಬೀಳುತ್ತದೆ. ಆದರೆ ನಾವು ಹೇಳಹೊರಟಿರುವುದು ಸಿಡಿಲಿನ ಮಾತಲ್ಲ, ಗೆದ್ದಲಿನ ಮಾತು. ರಕ್ತದ ಒತ್ತಡವೂ ಬೊಜ್ಜೂ ಒಂದೇ ದೇಹದಲ್ಲಿ ಸೇರಿದಾಗ ಹೃದಯವೆಂಬ ಯಂತ್ರವು ಹತ್ತು ಹದಿನೈದು ವರ್ಷಗಳ ಕಾಲ ಸದ್ದಿಲ್ಲದೆ ಸವೆಯುತ್ತ ಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ, ಕಚೇರಿಗೆ ರಜೆ ಹಾಕುವ ಪ್ರಮೇಯವೂ ಇಲ್ಲ. ತೊಂದರೆ ತಿಳಿಯುವ ವೇಳೆಗೆ ತೊಲೆಯ ಒಳಭಾಗ ಟೊಳ್ಳಾಗಿರುತ್ತದೆ.

ಅದು ಹೇಗೆಂಬುದನ್ನು ವಿವರಿಸುವುದು ಅವಶ್ಯ. ನಮ್ಮ ಹೃದಯವು ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಕದ ಮಾಂಸದ ಚೀಲ. ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದು, ನಿಮಿಷಕ್ಕೆ ಸುಮಾರು 5 ಲೀಟರಿನಂತೆ, ದಿನವೊಂದಕ್ಕೆ ಏಳು ಸಾವಿರ ಲೀಟರಿನಷ್ಟು ರಕ್ತವನ್ನು ಮೈಯೆಲ್ಲ ಸುತ್ತಿಸುತ್ತದೆ. ಧಮನಿಗಳು ಬಿರುಸಾಗಿ ಒತ್ತಡ ಏರಿದಾಗ, ಆ ಒತ್ತಡವನ್ನು ಎದುರಿಸಿ ರಕ್ತವನ್ನು ನೂಕಬೇಕಾದ ಎಡ ಹೃತ್ಕುಕ್ಷಿಯ ಗೋಡೆಯು ಗರಡಿಯಾಳಿನ ತೋಳಿನಂತೆ ದಪ್ಪವಾಗುತ್ತದೆ. ಗರಡಿಯಾಳಿನ ತೋಳು ದಪ್ಪವಾದರೆ ಬಲ. ಹೃದಯದ ಗೋಡೆ ಹೀಗೆ ದಪ್ಪವಾದರೆ ಅದು ಬಲವಲ್ಲ. ದಪ್ಪಗೋಡೆಯು ಬಡಿತಬಡಿತಗಳ ನಡುವೆ ಸರಿಯಾಗಿ ಸಡಿಲುವುದಿಲ್ಲ. ತನಗೆ ಬೇಕಾದ ರಕ್ತವನ್ನು ತಾನೇ ಪಡೆಯಲು ತಿಣುಕುತ್ತದೆ.

ಇನ್ನು ಬೊಜ್ಜಿನ ವಿಚಾರ. ಮೇದಸ್ಸೆಂದರೆ ಉಗ್ರಾಣದ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಮೂಟೆಯೆಂದು ಬಹುಜನರ ಕಲ್ಪನೆ. ಅದು ತಪ್ಪು. ಮೇದಸ್ಸು ಜೀವವುಳ್ಳ ವಸ್ತು; ಅದಕ್ಕೂ ರಕ್ತ ಬೇಕು. ದೇಹ ಬೆಳೆದಂತೆ ಮೈಯಲ್ಲಿ ಹರಿಯುವ ರಕ್ತದ ಒಟ್ಟು ಪ್ರಮಾಣವೂ ಹೆಚ್ಚುತ್ತದೆ; ಪ್ರತಿ ಬಡಿತಕ್ಕೂ ಹೃದಯವು ಹೆಚ್ಚು ರಕ್ತವನ್ನು ತುಂಬಿಕೊಂಡು ಹೆಚ್ಚು ರಕ್ತವನ್ನು ಹೊರದೂಡಬೇಕಾಗುತ್ತದೆ. ಆದಕಾರಣ ಹೃತ್ಕುಕ್ಷಿಯು ಹಿಗ್ಗತೊಡಗುತ್ತದೆ. ಇಷ್ಟೇ ಆಗಿದ್ದರೆ ಒಂದು ಮಾತು. ಹೊಟ್ಟೆಯ ಒಳಗೆ ಕೂಡಿದ ಮೇದಸ್ಸು ಮೂತ್ರಪಿಂಡಗಳನ್ನು ಒತ್ತಿ, ನರಗಳನ್ನು ಕೆರಳಿಸಿ, ರಸಗಳ ಏರ್ಪಾಡನ್ನು ಕೆಡಿಸಿ, ಉಪ್ಪೂ ನೀರೂ ದೇಹದಲ್ಲಿಯೇ ನಿಲ್ಲುವಂತೆ ಮಾಡುತ್ತದೆ. ಕುತ್ತಿಗೆಯ ಸುತ್ತಲಿನ ಮೇದಸ್ಸು ರಾತ್ರಿ ಗೊರಕೆ ಹೊಡೆಸಿ, ನಿದ್ರೆಯಲ್ಲಿ ಮೇಲಿಂದ ಮೇಲೆ ಉಸಿರು ಕಟ್ಟಿಸುತ್ತದೆ. ಇವೆಲ್ಲದರ ಫಲವಾಗಿ ರಕ್ತದ ಒತ್ತಡವೇ ಇನ್ನಷ್ಟು ಏರುತ್ತದೆ. ಹೀಗೆ ಬೊಜ್ಜು ತಾನೊಂದು ಹೊರೆಯಾಗುವುದಲ್ಲದೆ ಇನ್ನೊಂದು ಹೊರೆಯನ್ನೂ ಹೆಚ್ಚಿಸುತ್ತದೆ.

ಕಪಿಲೆ ಹೊಡೆಯುವುದನ್ನು ಕಂಡ ಹಿರಿಯರಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು. ಬಾವಿಯ ನೀರು ಆಳಕ್ಕೆ ಇಳಿದರೆ ಎತ್ತುಗಳಿಗೆ ಒಂದು ಕಷ್ಟ. ಅದು ರಕ್ತದ ಒತ್ತಡ. ನೀರುಣಿಸಬೇಕಾದ ತೋಟವು ಎರಡರಷ್ಟಾದರೆ ಇನ್ನೊಂದು ಕಷ್ಟ, ಅದು ಬೊಜ್ಜು. ಬಾವಿಯೂ ಆಳವಾಗಿ ತೋಟವೂ ಹಿರಿದಾದರೆ, ಅದೇ ಎತ್ತುಗಳು ಎಷ್ಟು ದಿನ ತಡೆದಾವು? ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಈ ವಿಷಯವನ್ನು ಶೋಧಿಸಿದ ಡಾಕ್ಟರ್ ಫ್ರಾನ್ಜ್ ಮೆಸರ್ಲಿಯವರು 1983ರಲ್ಲಿ ಪ್ರಕಟಿಸಿದ ಲೇಖನದ ಸಾರವೂ ಇದೇ: ಒತ್ತಡವು ಗೋಡೆಯನ್ನು ದಪ್ಪಮಾಡುತ್ತದೆ, ಸ್ಥೂಲತೆಯು ಕೋಣೆಯನ್ನು ಹಿಗ್ಗಿಸುತ್ತದೆ, ಎರಡೂ ಕೂಡಿದಲ್ಲಿ ಹೃದಯವು ಎರಡು ಹೊರೆಗಳನ್ನೂ ಒಟ್ಟಿಗೆ ಹೊರಬೇಕಾಗುತ್ತದೆ.

ಮುಂದಿನ ಕಥೆ ಹೀಗೆ. ದಪ್ಪವಾಗಿ ಬಿಗಿದ ಹೃತ್ಕುಕ್ಷಿಯೊಳಗೆ ರಕ್ತ ಸರಾಗವಾಗಿ ಇಳಿಯದೆ ಹಿಂದಣ ಹೃತ್ಕರ್ಣವು ಊದಿಕೊಳ್ಳುತ್ತದೆ. ಊದಿದ ಹೃತ್ಕರ್ಣದ ಬಡಿತ ತಾಳತಪ್ಪುತ್ತದೆ. ತಾಳತಪ್ಪಿದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಲಕ್ವ ಹೊಡೆಯುವುದೂ ಉಂಟು. ರಕ್ತವು ಶ್ವಾಸಕೋಶದ ಕಡೆಗೆ ಒತ್ತರಿಸಿದಾಗ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟಿದಂತಾಗುವುದು, ಸಂಜೆಗೆ ಕಾಲು ಬಾತುಕೊಳ್ಳುವುದು ತೋರುತ್ತವೆ. ಪರೀಕ್ಷೆ ಮಾಡಿದರೆ ಅನೇಕರಲ್ಲಿ ಹೃದಯದ ಹಿಂಡುವ ಶಕ್ತಿ ಚೆನ್ನಾಗಿಯೇ ಇರುತ್ತದೆ. ಸಡಿಲುವ ಶಕ್ತಿ ಮಾತ್ರ ಹೋಗಿರುತ್ತದೆ. ಇದೂ ಹೃದಯ ವೈಫಲ್ಯವೇ. ಹಿಂಡುವ ಶಕ್ತಿಯೊಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳುವವರು ಮೋಸಹೋಗುತ್ತಾರೆ.

ಇದು ಕೇವಲ ತರ್ಕವಲ್ಲ, ಲೆಕ್ಕವೂ ಇದೆ. ಅಮೆರಿಕದ ಮಸಾಚುಸೆಟ್ಸ್ ಪ್ರಾಂತ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಸಾಧಾರಣ ಪಟ್ಟಣದಲ್ಲಿ 1948ರಲ್ಲಿ 5,209 ಮಂದಿ ಸ್ತ್ರೀಪುರುಷರನ್ನು ಹೆಸರು ಬರೆದುಕೊಂಡು, ಅವರನ್ನೂ ಆಮೇಲೆ ಅವರ ಮಕ್ಕಳನ್ನೂ ದಶಕಗಳ ಕಾಲ ಪರೀಕ್ಷಿಸುತ್ತ ಬಂದರು. ಆ ಪಟ್ಟಣದ 5,881 ಮಂದಿಯ ಲೆಕ್ಕವನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಲೇಖನದ ಮೊದಲನೆಯ ಕರ್ತೃಗಳ ಹೆಸರು ಸತೀಶ್ ಕೆಂಚಯ್ಯ ಎಂಬುದನ್ನು ಓದಿ ನಮಗೆ ಸಂತೋಷವಾಯಿತು. ರಕ್ತದ ಒತ್ತಡವೇ ಮೊದಲಾದ ಇತರ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ, ಸ್ಥೂಲಕಾಯರಿಗೆ ಹೃದಯ ವೈಫಲ್ಯದ ಅಪಾಯವು ಸಾಧಾರಣ ಮೈಯವರಿಗಿಂತ ಸುಮಾರು ಎರಡರಷ್ಟೆಂದು ಅವರು ಕಂಡರು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕವು ಒಂದೊಂದು ಹೆಚ್ಚಿದಂತೆ ಗಂಡಸರಲ್ಲಿ ಅಪಾಯವು ನೂರಕ್ಕೆ 5ರಂತೆಯೂ ಹೆಂಗಸರಲ್ಲಿ ನೂರಕ್ಕೆ 7ರಂತೆಯೂ ಏರುತ್ತ ಹೋಯಿತು. ತಡೆದು ತಡೆದು ಏರುವ ಮೆಟ್ಟಿಲಲ್ಲ ಅದು, ಒಂದೇ ಸಮನಾದ ಇಳಿಜಾರು.

ಆ ಅಂಕವು 30 ದಾಟಿದರೆ ಸ್ಥೂಲತೆಯೆಂದು ಪಾಶ್ಚಾತ್ಯರ ಗಣನೆ. ನಮ್ಮವರಿಗೆ ಅಷ್ಟು ದೂರ ಹೋಗುವ ಸ್ವಾತಂತ್ರ್ಯವಿಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿಯೇ ಮೇದಸ್ಸು ಕೂಡುವುದು ನಮ್ಮ ಜನರ ಮೈಕಟ್ಟಿನ ಸ್ವಭಾವವಾದುದರಿಂದ, 23 ದಾಟಿದರೆ ಎಚ್ಚರ, 25 ದಾಟಿದರೆ ಸ್ಥೂಲತೆ ಎಂದು ನಮ್ಮ ದೇಶದ ವೈದ್ಯರು 2009ರಲ್ಲಿಯೇ ನಿಶ್ಚಯಿಸಿದ್ದಾರೆ. ಅಂದರೆ 165 ಸೆಂಟಿಮೀಟರ್ ಎತ್ತರದ ಮನುಷ್ಯನಿಗೆ 68 ಕಿಲೋ ಎಂಬುದೇ ಗಡಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ಮೀರಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ 25ರ ಗಡಿಯನ್ನು ಮುಟ್ಟಿದವರು ದೇಶದಲ್ಲಿ ನೂರಕ್ಕೆ ಸುಮಾರು 23–24 ಮಂದಿಯಾದರೆ, ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಮಂದಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯು, ವಯಸ್ಕರಲ್ಲಿ ನೂರಕ್ಕೆ 35 ಮಂದಿಗೆ ರಕ್ತದ ಒತ್ತಡವೂ, ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜೂ ಇರುವುದೆಂದು ತಿಳಿಸಿತು. ಈ ಎರಡು ಗುಂಪುಗಳು ಬೇರೆಬೇರೆಯಾಗಿ ನಿಂತಿವೆಯೆಂದು ಯಾರೂ ಭ್ರಮಿಸಬೇಕಾಗಿಲ್ಲ. ಯಾವುದಾದರೂ ಕಚೇರಿಯ ಮಧ್ಯಾಹ್ನದ ಊಟದ ಮನೆಗೆ ಹೋಗಿ ನೋಡಿದರೆ ಸಾಕು.

ಇಲ್ಲಿ ನಮ್ಮ ಸ್ವಂತ ಮಾತನ್ನು ಹೇಳದಿದ್ದರೆ ವಾಚಕರಿಗೆ ವಂಚನೆ ಮಾಡಿದಂತಾದೀತು. ನಮ್ಮ ಮಿತ್ರರೊಬ್ಬರು, ಸರ್ಕಾರದ ಒಂದು ಇಲಾಖೆಯಲ್ಲಿ ಮೂವತ್ತು ವರ್ಷ ಪ್ರಾಮಾಣಿಕವಾಗಿ ದುಡಿದವರು, ನಿವೃತ್ತರಾದಾಗ ಬೀಳ್ಕೊಡುಗೆಯ ಸಭೆಯಲ್ಲಿ ನಾವು ಅವರ ದೇಹವನ್ನು ತೋರಿಸಿ "ಇದು ತುಂಬಿದ ಕೊಡ, ತುಳುಕುವುದಿಲ್ಲ" ಎಂದೆವು. ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು. ಒತ್ತಡದ ಮಾತ್ರೆಯನ್ನು ಅವರು ತಪ್ಪದೆ ನುಂಗುತ್ತಿದ್ದರು. ಆದುದರಿಂದ ಕರ್ತವ್ಯ ಮುಗಿಯಿತೆಂದು ನಂಬಿದ್ದರು. ಮೆಟ್ಟಿಲಿನ ಮೇಲೆ ಬರುವ ಏದುಸಿರು ವಯಸ್ಸಿನದೆಂದರು; ರಾತ್ರಿ ಮೂರು ದಿಂಬು ಬೇಕಾಗುವುದು ಅಭ್ಯಾಸವೆಂದರು. ವೈದ್ಯರೊಬ್ಬರೂ "ದಪ್ಪಗಿದ್ದೀರಿ, ಅದಕ್ಕೇ ಏದುಸಿರು" ಎಂದು ಹೇಳಿ ಕಳುಹಿಸಿದರೇ ಹೊರತು ಹೃದಯವನ್ನು ಪರೀಕ್ಷಿಸಲಿಲ್ಲ. ಎರಡು ವರ್ಷಗಳಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿದರು. ಮೂರನೆಯ ಸಲ ಹಿಂದಿರುಗಲಿಲ್ಲ. ಆ ಸಭೆಯಲ್ಲಿ ನಾವಾಡಿದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಅವರ ಉತ್ತರಕ್ರಿಯೆ ಮುಗಿದ ವಾರದಲ್ಲಿ ನಾವು ನಮ್ಮ ಮೈಯನ್ನೂ ಅಳೆಸಿಕೊಂಡೆವು. ತೂಕ 89 ಕಿಲೋ, ಒತ್ತಡ 164ರ ಕೆಳಗೆ 102. ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆ ಆಗಲೇ ದಪ್ಪವಾಗಿತ್ತು. "ಸ್ವಾಮಿ, ಮಾತ್ರೆ ನಾನು ಕೊಡಬಲ್ಲೆ, ಹೊಟ್ಟೆಯನ್ನು ನೀವೇ ಕರಗಿಸಬೇಕು" ಎಂದರು ವೈದ್ಯರು. ಹದಿನಾಲ್ಕು ತಿಂಗಳಲ್ಲಿ ಹತ್ತು ಕಿಲೋ ಇಳಿಸಿದ್ದೇವೆ. ಎರಡು ಮಾತ್ರೆಗಳಲ್ಲಿ ಒಂದನ್ನು ವೈದ್ಯರೇ ನಿಲ್ಲಿಸಿದರು. ಬೀದಿಯಲ್ಲಿ ಸಿಕ್ಕವರು ಈಗ ನಮ್ಮನ್ನೂ "ಸೌಖ್ಯವಿಲ್ಲವೇ?" ಎಂದು ಕೇಳುತ್ತಾರೆ!

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. "ಮಾತ್ರೆ ನುಂಗುತ್ತಿದ್ದೇವಲ್ಲ, ಸಾಲದೇ?" ಎಂಬುದು ಮೊದಲನೆಯದು. ಸಾಲದು. ಮಾತ್ರೆ ಅತ್ಯವಶ್ಯಕ, ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಬಿಡುವುದು ಆತ್ಮಘಾತ. ಆದರೆ ಮಾತ್ರೆಯು ಬಾವಿಯ ಆಳವನ್ನು ಕಡಮೆ ಮಾಡೀತೇ ಹೊರತು ತೋಟದ ವಿಸ್ತಾರವನ್ನು ಕಡಮೆ ಮಾಡಲಾರದು. "ತೆಳ್ಳಗಿದ್ದವರೂ ಸಾಯುತ್ತಾರೆ" ಎಂಬುದು ಎರಡನೆಯದು. ನಿಜ, ಆದರೆ ಬೀಗವಿದ್ದ ಮನೆಗೂ ಕಳ್ಳ ನುಗ್ಗುವನೆಂದು ಯಾರೂ ಬಾಗಿಲನ್ನು ತೆರೆದಿಟ್ಟು ಮಲಗುವುದಿಲ್ಲ. "ಇದು ಪಾಶ್ಚಾತ್ಯ ವೈದ್ಯರ ಹೊಸ ಹುಚ್ಚು" ಎಂಬುದು ಮೂರನೆಯದು. ಹೀಗೆನ್ನುವವರು ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ನಿಂದ್ಯವಾದ ಎಂಟು ಬಗೆಯ ದೇಹಗಳನ್ನು ಹೇಳುವಾಗ ಆಚಾರ್ಯರು ಅತಿಸ್ಥೂಲವನ್ನೂ ಅತಿಕೃಶವನ್ನೂ ವಿಶೇಷವಾಗಿ ಎತ್ತಿಕೊಂಡು, ಸ್ಥೂಲನ ಆಯುಸ್ಸು ಕುಗ್ಗುವುದೆಂದೂ, ಎರಡರಲ್ಲಿ ಕೃಶತೆಯೇ ಮೇಲೆಂದೂ ತೀರ್ಪು ಕೊಟ್ಟಿದ್ದಾರೆ. ನಮ್ಮ ಪೂರ್ವಿಕರು ಹೇಳಿದುದನ್ನು ನಾವು ಮರೆತೆವು. ಇಂದು ಅನ್ಯರು ಲೆಕ್ಕ ಹಾಕಿ ತೋರಿಸಿದಾಗ ಅದು ಹೊಸತೆಂದು ಕಾಣುತ್ತಿದೆ.

ಸಂತೋಷದ ಸಂಗತಿಯೆಂದರೆ, ಈ ಹಾನಿಯು ಬಹುಮಟ್ಟಿಗೆ ಹಿಂದಿರುಗತಕ್ಕದ್ದು. ಆಸ್ಟ್ರೇಲಿಯದ ವೈದ್ಯರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ರಕ್ತದ ಒತ್ತಡವುಳ್ಳ ಸ್ಥೂಲರಾದ ತರುಣರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ತೂಕವಿಳಿಸುವ ಆಹಾರಕ್ರಮವನ್ನೂ, ಇನ್ನೊಂದಕ್ಕೆ ಮೆಟೊಪ್ರೊಲಾಲ್ ಎಂಬ ಔಷಧವನ್ನೂ, ಮತ್ತೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. 21 ವಾರಗಳ ಕೊನೆಗೆ, ದಪ್ಪವಾಗಿದ್ದ ಹೃದಯದ ತೂಕವು ಔಷಧದ ಗುಂಪಿಗಿಂತ ಮೈ ಇಳಿಸಿದ ಗುಂಪಿನಲ್ಲಿಯೇ ಹೆಚ್ಚಾಗಿ ಇಳಿದಿತ್ತು. 2003ರಲ್ಲಿ 25 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಳಿದ ಒಂದೊಂದು ಕಿಲೋಗೂ ರಕ್ತದ ಒತ್ತಡವು ಸುಮಾರು ಒಂದೊಂದು ಅಂಕ ಇಳಿಯುವುದೆಂದು ಕಂಡುಬಂದಿತು. ಐದು ಕಿಲೋ ಇಳಿಸುವುದು ಅಸಾಧ್ಯವಾದ ತಪಸ್ಸೇನೂ ಅಲ್ಲ. ಮೈ ಇಳಿಸುವ ಹೊಸ ಚುಚ್ಚುಮದ್ದುಗಳೂ 2025ರಲ್ಲಿ ನಮ್ಮ ದೇಶದ ಪೇಟೆಗೆ ಬಂದಿವೆ. ಸಡಿಲಲಾರದ ಹೃದಯವುಳ್ಳ ಸ್ಥೂಲರಿಗೆ ಅವುಗಳಿಂದ ಉಪಶಮನವಾದುದನ್ನು 2023 ಮತ್ತು 2024ರ ಪ್ರಯೋಗಗಳು ತೋರಿಸಿವೆ. ಅವು ಬೇಕಾದವರಿಗೆ ವೈದ್ಯರು ಕೊಡಲಿ. ಆದರೆ ಅಂಗಡಿಯಲ್ಲಿ ಕೊಂಡು ತಾವೇ ಚುಚ್ಚಿಕೊಳ್ಳುವ ಚಪಲವು ಅಪಾಯಕರವೆಂದು ಎಚ್ಚರಿಸದೆ ಇರಲಾರೆವು.

ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಸರಳವಾಗಿದೆ. ಮನೆಯಲ್ಲಿ ಒಂದು ಟೇಪು, ಒಂದು ತೂಕದ ಯಂತ್ರ, ತಿಂಗಳಿಗೊಮ್ಮೆ ಒತ್ತಡದ ಪರೀಕ್ಷೆ ಇರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡವು ಸುಳ್ಳಾಗಿ ಹೆಚ್ಚು ತೋರುವುದರಿಂದ ತಕ್ಕ ಅಳತೆಯ ಪಟ್ಟಿಯನ್ನೇ ಕೇಳಿ ಪಡೆಯಿರಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಅದು ಒಂದು ಚಹಾ ಚಮಚದಷ್ಟೂ ಇಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿಯ ಖಾರದ ತಿನಿಸುಗಳು ಸೇರಿದರೆ ನಮ್ಮ ಲೆಕ್ಕ ಎಲ್ಲಿಗೆ ಹೋಗುವುದೆಂಬುದನ್ನು ಗೃಹಿಣಿಯರೇ ಬಲ್ಲರು. ಅನ್ನದ ಎರಡನೆಯ ಬಡಿತ ನಿಲ್ಲಲಿ, ಪಲ್ಯದ್ದು ಹೆಚ್ಚಲಿ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಎದೆನೋವು, ಏದುಸಿರು ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಿ ಆಮೇಲೆ ಹೊರಡಿ. ಗಟ್ಟಿಯಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರನ್ನು ನಗೆಯ ವಸ್ತುವಾಗಿ ಮಾಡದೆ ವೈದ್ಯರ ಬಳಿಗೆ ಕಳುಹಿಸಿ.

ಆದರೆ ಎಲ್ಲ ಹೊಣೆಯನ್ನೂ ರೋಗಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸ್ಥೂಲರನ್ನು ಸೋಮಾರಿಗಳೆಂದೂ ಹೊಟ್ಟೆಬಾಕರೆಂದೂ ಹೀಯಾಳಿಸುವುದರಿಂದ ಒಂದು ಗ್ರಾಂ ಮೇದಸ್ಸೂ ಕರಗದು. ನಾಚಿಕೆಯಿಂದ ಅವರು ವೈದ್ಯರಿಂದ ದೂರ ಉಳಿಯುತ್ತಾರೆ, ಅಷ್ಟೇ. ನಡೆಯಿರೆಂದು ಉಪದೇಶಿಸುವ ನಗರಸಭೆಗಳು ನಡೆಯಲು ಕಾಲುದಾರಿ ಎಲ್ಲಿದೆಯೆಂದು ತೋರಿಸಬೇಕು. ಇರುವ ಕಾಲುದಾರಿಯ ಮೇಲೆ ವಾಹನಗಳೂ ಕಲ್ಲುರಾಶಿಗಳೂ ನಿಂತಿವೆ. ವೃದ್ಧರು ಬೀದಿಗಿಳಿದರೆ ಪ್ರಾಣಕ್ಕೇ ಸಂಚಕಾರ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿಗೆ ಕಟ್ಟಿಹಾಕುವ ಕಚೇರಿಗಳಲ್ಲಿ ಮೇಲಧಿಕಾರಿಗಳು ನೌಕರರಿಗೆ ವರ್ಷಕ್ಕೆರಡು ಸಲವಾದರೂ ಒತ್ತಡ, ತೂಕ, ಸೊಂಟದ ಅಳತೆ ಮೂರನ್ನೂ ಪರೀಕ್ಷಿಸುವ ಏರ್ಪಾಡು ಮಾಡಲಿ. ಕಚೇರಿಯ ಉಪಾಹಾರಗೃಹದಲ್ಲಿ ಬೋಂಡ ವಡೆಗಳ ಪಕ್ಕದಲ್ಲಿ ಕೋಸಂಬರಿಗೂ ಹಣ್ಣಿಗೂ ಸ್ಥಳ ದೊರೆಯಲಿ. ಮೂವತ್ತು ದಾಟಿದವರೆಲ್ಲರ ರಕ್ತದ ಒತ್ತಡವನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅಳೆಯುವ ರಾಷ್ಟ್ರೀಯ ಕಾರ್ಯಕ್ರಮವು ಕಾಗದದ ಮೇಲೆ ಚೆನ್ನಾಗಿದೆ. ಆ ಕೇಂದ್ರಗಳಿಗೆ ದೊಡ್ಡ ಅಳತೆಯ ಪಟ್ಟಿಗಳನ್ನು ಒದಗಿಸುವುದಕ್ಕೂ, ಏದುಸಿರಿನಿಂದ ಬಂದ ಸ್ಥೂಲರನ್ನು "ಮೈ ಇಳಿಸಿ" ಎಂದಷ್ಟೇ ಹೇಳಿ ಹಿಂದಕ್ಕೆ ಕಳುಹಿಸದೆ ಹೃದಯದ ಪರೀಕ್ಷೆಗೆ ಬರೆದುಕೊಡುವಂತೆ ಆಜ್ಞೆ ಹೊರಡಿಸುವುದಕ್ಕೂ ಖಜಾನೆಯೇನೂ ಬರಿದಾಗದು. ನಮ್ಮ ಮಿತ್ರರಿಗೆ ಅಷ್ಟಾಗಿದ್ದರೂ ಸಾಕಾಗಿತ್ತು.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದರ ಅರ್ಥವನ್ನು ಮಾತ್ರ ಎಲೆಯ ಮುಂದೆ ಕುಳಿತಾಗ ಮರೆಯುತ್ತೇವೆ. ನಾಡನ್ನು ಕಟ್ಟಬೇಕಾದ ಅನುಭವಶಾಲಿಗಳು ಐವತ್ತು ಅರವತ್ತರ ಪ್ರಾಯದಲ್ಲಿಯೇ ಏದುಸಿರು ಬಿಡುತ್ತ ಮೂಲೆ ಸೇರುವುದು ಅವರ ಮನೆಗಷ್ಟೇ ಅಲ್ಲ, ನಾಡಿಗೂ ನಷ್ಟ. ಮುಂದಿನ ಸಲ ಒತ್ತಡವುಳ್ಳ ಸ್ನೇಹಿತರ ಹೊಟ್ಟೆ ಬೆಳೆದುದನ್ನು ಕಂಡಾಗ ವಾಚಕರು ಹೊಗಳುವುದನ್ನು ಬಿಟ್ಟು, "ಬನ್ನಿ, ನಾಳೆ ಬೆಳಿಗ್ಗೆ ಇಬ್ಬರೂ ಕೂಡಿ ನಡೆಯೋಣ" ಎಂದು ಕರೆಯಲಿ. ಆ ಮಾತನ್ನು ಸಕಾಲದಲ್ಲಿ ಆಡದೆ ನಾವು ಒಬ್ಬ ಸನ್ಮಿತ್ರರನ್ನು ಕಳೆದುಕೊಂಡೆವು. ವಾಚಕರಿಗೆ ಆ ದುಃಖ ಬಾರದಿರಲಿ.